ಹೊಗೆ ಕಾಣದಿದ್ದರೆ ಸಾಕೇ? ಲಾರಿಯ ಎಮಿಷನ್ ಪರೀಕ್ಷೆ - ಒಂದು ವಿಮರ್ಶೆ

ಕಬ್ಬು ನುರಿಸುವ ಹಂಗಾಮಿನಲ್ಲಿ ನೀವು ಬೈಲಹೊಂಗಲದಿಂದ ಎಂ.ಕೆ. ಹುಬ್ಬಳ್ಳಿಯ ಕಡೆಗೋ ಸವದತ್ತಿಯಿಂದ ಮುನವಳ್ಳಿಯ ಕಡೆಗೋ ಪ್ರಯಾಣ ಮಾಡಿದ್ದರೆ, ಕಬ್ಬು ಹೇರಿದ ಲಾರಿಯೊಂದರ ಹಿಂದೆ ಸಿಕ್ಕಿಕೊಂಡ ಅನುಭವ ನಿಮಗೂ ಇದ್ದೀತು. ಮುಂದೆ ಹೋಗಲು ದಾರಿಯಿಲ್ಲ. ಎದುರಿಗಿರುವುದು ಲಾರಿಯ ಸಂಖ್ಯಾಫಲಕ ಮತ್ತು ಹೊಗೆ ಕೊಳವೆ ಮಾತ್ರ. ಫಲಕದಲ್ಲಿ ಸಾಮಾನ್ಯವಾಗಿ ಕೆಎ-24 ಎಂದಿರುತ್ತದೆ. ಇದು ಬೈಲಹೊಂಗಲದ ಸಾರಿಗೆ ಕಚೇರಿ ಕೊಡುವ ಸಂಖ್ಯೆ. ಕೊಳವೆಯ ವಿಷಯ ಮಾತ್ರ ಅಷ್ಟು ಸರಳವಲ್ಲ.

ಅಂಥ ಒಂದು ಲಾರಿಯ ಚಾಲಕರನ್ನು ಚಹಾದ ಅಂಗಡಿಯ ಮುಂದೆ ಮಾತನಾಡಿಸಿದಾಗ ಅವರು ಹೇಳಿದ್ದಿಷ್ಟು: "ಸೈಲೆನ್ಸರ್ ಒಳಗಿಂದು ತಗಸಿ ಸೀದಾ ಪೈಪ್ ಹಾಕ್ಸೇನ್ರಿ ಸರ, ಗಾಡಿ ಚಲೋ ಎಳೀತೈತಿ. ಎಮಿಷನ್ನೂ ಪಾಸ್ ಆಗೇತ್ರಿ." ಎರಡು ಮಾತು. ಮೊದಲನೆಯದು ಬಹುಮಟ್ಟಿಗೆ ತಪ್ಪು, ಎರಡನೆಯದು ಪೂರ್ತಿ ನಿಜ. ನನ್ನನ್ನು ಕಾಡಿದ್ದು ಆ ನಿಜ.

ಮೊದಲು ಎಳೆತದ ಮಾತನ್ನು ಮುಗಿಸಿಬಿಡೋಣ. ಸೈಲೆನ್ಸರ್ ಇದ್ದರೆ ಹೊಗೆ ಹೊರಹೋಗಲು ಸ್ವಲ್ಪ ತಡೆ ಇರುತ್ತದೆ. ಅದನ್ನು ಮೀರಲು ಪಿಸ್ಟನ್ ಕೆಲಸ ಮಾಡಬೇಕಾಗುತ್ತದೆ. ಸೈಲೆನ್ಸರನ್ನು ಟೊಳ್ಳು ಮಾಡಿಸಿ 10 ಕಿಲೋಪಾಸ್ಕಲ್‌ನಷ್ಟು ಹಿಂಒತ್ತಡ ಉಳಿಸಿದೆವೆನ್ನಿ. ಪೂರ್ಣ ಹೊರೆಯಲ್ಲಿರುವ ಟರ್ಬೊ ಡೀಸೆಲ್ ಎಂಜಿನ್ನಿನ ಸರಾಸರಿ ಪರಿಣಾಮಕಾರಿ ಒತ್ತಡ ಸುಮಾರು 1500 ಕಿಲೋಪಾಸ್ಕಲ್. ಭಾಗಿಸಿ ನೋಡಿ, ಉಳಿತಾಯ ನೂರಕ್ಕೆ 0.7. ಟರ್ಬೈನಿನ ಮೇಲಾಗುವ ಪರಿಣಾಮ ಸೇರಿಸಿದರೂ ಒಂದೂವರೆಯ ಆಸುಪಾಸು. ಇಷ್ಟನ್ನು ಚಾಲಕನ ಕಾಲಾಗಲಿ ಬೆನ್ನಾಗಲಿ ಗುರುತಿಸಲಾರದು. ಗುರುತಿಸುವುದು ಕಿವಿ, ಸದ್ದು ಹೆಚ್ಚಾದರೆ ಬಲವೂ ಹೆಚ್ಚಿತೆಂದು ಮನಸ್ಸು ನಂಬಿಬಿಡುತ್ತದೆ. ಹಳೆಯ ಸೈಲೆನ್ಸರ್ ಮಸಿ ತುಂಬಿ, ತುಕ್ಕು ಹಿಡಿದು ಕಟ್ಟಿಕೊಂಡಿದ್ದರೆ ಮಾತು ಬೇರೆ. ಆಗ ಎಳೆತ ನಿಜವಾಗಿಯೂ ಸುಧಾರಿಸುತ್ತದೆ. ಆದರೆ ಹೊಸ ಸೈಲೆನ್ಸರ್ ಹಾಕಿಸಿದರೂ ಅಷ್ಟೇ ಸುಧಾರಿಸುತ್ತಿತ್ತು.

ಸದ್ದಿನ ವಿಷಯ ಬಂದಾಗ ಅಧ್ಯಾಪಕರು ಗಮನಿಸಬೇಕಾದದ್ದೊಂದಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೆಯ ನಿಯಮವು ಸೈಲೆನ್ಸರನ್ನು ವಿವರಿಸುವಾಗ 'ವಿಸ್ತರಣಾ ಕೋಷ್ಠ'ವನ್ನು ಹೆಸರಿಸಿಯೇ ಹೇಳುತ್ತದೆ. ಕಾನೂನಿನ ಪುಟದಲ್ಲಿ ಭೌತವಿಜ್ಞಾನ ಹೀಗೆ ಸಿಕ್ಕುವುದು ಅಪರೂಪ. ಕಿರಿದಾದ ಕೊಳವೆ ಥಟ್ಟನೆ ಅಗಲವಾದರೆ ಅಲ್ಲಿ ಧ್ವನಿತರಂಗದ ಬಹುಭಾಗ ಹಿಂದಕ್ಕೆ ಪ್ರತಿಫಲಿಸುತ್ತದೆ. ಕೋಷ್ಠದ ಉದ್ದ ತರಂಗದೂರದ ನಾಲ್ಕನೆಯ ಒಂದು ಭಾಗವಾದಾಗ ತಡೆ ಅತಿ ಹೆಚ್ಚು, ಅರ್ಧವಾದಾಗ ಸೊನ್ನೆ. ಆರು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುವಾಗ ಸೆಕೆಂಡಿಗೆ 75 ದಹನಗಳಾಗುತ್ತವೆ. 400 ಡಿಗ್ರಿ ಸೆಲ್ಸಿಯಸ್ ತಾಪದ ಅನಿಲದಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 520 ಮೀಟರ್. ಅಂದರೆ ತರಂಗದೂರ ಸುಮಾರು 7 ಮೀಟರ್, ಅದರ ಕಾಲುಭಾಗ 1.7 ಮೀಟರ್. ಅಷ್ಟುದ್ದದ ಪೆಟ್ಟಿಗೆಗೆ ಲಾರಿಯಡಿಯಲ್ಲಿ ಜಾಗ ಎಲ್ಲಿದೆ? ಅದಕ್ಕಾಗಿಯೇ ಒಳಗೆ ಹಲವು ಕೋಷ್ಠಗಳನ್ನೂ ರಂಧ್ರವಿರುವ ನಳಿಗೆಗಳನ್ನೂ ಇಟ್ಟಿರುತ್ತಾರೆ. ಇವನ್ನು ಕಿತ್ತು ಒಂದು ಮೀಟರ್ ಉದ್ದದ ಖಾಲಿ ಡಬ್ಬಿ ಉಳಿಸಿದರೆ 260 ಹರ್ಟ್ಸ್ ಮತ್ತು ಅದರ ಗುಣಕಗಳು ಯಾವ ಅಡ್ಡಿಯೂ ಇಲ್ಲದೆ ಹೊರಬರುತ್ತವೆ. ರಾತ್ರಿ ನಿಮ್ಮ ನಿದ್ದೆ ಕೆಡಿಸುವ ಆ ಒರಟು ದನಿಯಲ್ಲಿ ಇದರ ಪಾಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಂ.ಎಲ್. ಮುಂಜಾಲ್ ಅವರು 1987ರಲ್ಲಿ ಈ ವಿಷಯವನ್ನೇ ಕುರಿತು ಪ್ರಕಟಿಸಿದ ಗ್ರಂಥ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ನಮ್ಮ ಪದವಿ ತರಗತಿಗಳಲ್ಲಿ ಮಾತ್ರ ಧ್ವನಿಯ ಪಾಠ ಆರ್ಗನ್ ಕೊಳವೆಯಿಂದ ಮುಂದೆ ಹೋಗುವುದಿಲ್ಲ.

ಈಗ ಎರಡನೆಯ ಮಾತಿಗೆ ಬರೋಣ. 'ಎಮಿಷನ್ ಪಾಸ್' ಎಂದರೇನು?

ಡೀಸೆಲ್ ವಾಹನಕ್ಕೆ ಮಾಡುವ ಪರೀಕ್ಷೆಗೆ 'ಮುಕ್ತ ವೇಗವರ್ಧನೆ' ಎಂದು ಹೆಸರು. ಗಾಡಿ ನಿಂತಿರುತ್ತದೆ, ಗೇರ್ ಹಾಕಿರುವುದಿಲ್ಲ. ಆಕ್ಸಿಲರೇಟರನ್ನು ಒಮ್ಮೆಲೇ ಪೂರ್ತಿ ಒತ್ತುತ್ತಾರೆ. ಕೊಳವೆಯೊಳಗಿಟ್ಟ ಶೋಧಕದ ಮೂಲಕ ಹೊಗೆಯ ಒಂದಂಶ ಉಪಕರಣದೊಳಕ್ಕೆ ಹೋಗುತ್ತದೆ. ಅಲ್ಲಿ ಬೆಳಕಿನ ಕಿರಣವೊಂದು ಆ ಹೊಗೆಯನ್ನು ಹಾಯ್ದು ಬರುತ್ತದೆ. ಪಥದ ಉದ್ದ 0.43 ಮೀಟರ್‌ಗೆ ಸಮ. ಎಷ್ಟು ಬೆಳಕು ಉಳಿಯಿತೆಂಬುದರಿಂದ ಹೀರಿಕೆ ಗುಣಾಂಕವನ್ನು ಲೆಕ್ಕ ಹಾಕುತ್ತಾರೆ. ಬಿಎಸ್-4ಕ್ಕಿಂತ ಹಳೆಯ ಲಾರಿಗೆ ಇದು ಪ್ರತಿ ಮೀಟರಿಗೆ 2.45 ಮೀರಬಾರದು (ಹಾರ್ಟ್ರಿಜ್ ಮಾನದಲ್ಲಿ 65), ಬಿಎಸ್-4 ಲಾರಿಗೆ 1.62 (ಹಾರ್ಟ್ರಿಜ್ 50). ನೀವು ರಸಾಯನವಿಜ್ಞಾನದ ಪ್ರಯೋಗಾಲಯದಲ್ಲಿ ಬಣ್ಣದ ದ್ರಾವಣಕ್ಕೆ ಬಳಸುವ ಬಿಯರ್-ಲ್ಯಾಂಬರ್ಟ್ ನಿಯಮವೇ ಇದು. 43 ಸೆಂಟಿಮೀಟರ್ ಕೊಳವೆ, ಒಂದು ತುದಿಗೆ ಎಲ್‌ಇಡಿ, ಇನ್ನೊಂದಕ್ಕೆ ದ್ಯುತಿಕೋಶ, ಒಳಗೆ ಊದಿನಕಡ್ಡಿಯ ಹೊಗೆ - ಇಷ್ಟಿದ್ದರೆ ವಿದ್ಯಾರ್ಥಿಗಳೇ ಇದನ್ನು ಮಾಡಿ ನೋಡಬಹುದು.

ನಿಂತ ಗಾಡಿಯಲ್ಲಿ ಮಾಡುವ ಈ ಪರೀಕ್ಷೆ ಬರೀ ನಾಟಕವೆಂದು ನಾನು ಬಹುಕಾಲ ನಂಬಿದ್ದೆ. ಲೆಕ್ಕ ಹಾಕಿ ನೋಡಿದ ಮೇಲೆ ಅಭಿಪ್ರಾಯ ಬದಲಿಸಬೇಕಾಯಿತು. ಎಂಜಿನ್ನಿನ ತಿರುಗುವ ಭಾಗಗಳ ಜಡತ್ವ ಭ್ರಾಮಕ 2 ಕಿಲೋಗ್ರಾಂ-ಚದರ ಮೀಟರ್ ಎಂದು ಹಿಡಿಯಿರಿ. ನಿಮಿಷಕ್ಕೆ 600ರಿಂದ 2500 ಸುತ್ತಿಗೆ ಒಂದು ಸೆಕೆಂಡಿನಲ್ಲಿ ಏರಿಸಲು ಸುಮಾರು 65 ಕಿಲೋಜೂಲ್ ಬೇಕು, ಅಂದರೆ ಸರಾಸರಿ 65 ಕಿಲೋವಾಟ್. ಈಗ 25 ಟನ್ ತೂಕದ ಲಾರಿ 20ಕ್ಕೆ 1ರ ಏರನ್ನು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹತ್ತುವುದನ್ನು ಊಹಿಸಿ. ಯಲ್ಲಮ್ಮನ ಗುಡ್ಡದ ರಸ್ತೆಯನ್ನು ಬೇಕಾದರೆ ಕಣ್ಣ ಮುಂದೆ ತಂದುಕೊಳ್ಳಿ. ಗುರುತ್ವದ ವಿರುದ್ಧ ಬೇಕಾಗುವ ಸಾಮರ್ಥ್ಯ 68 ಕಿಲೋವಾಟ್. ಎರಡೂ ಹತ್ತಿರ ಹತ್ತಿರ! ಇಂಧನ ಪೂರ್ತಿ ನುಗ್ಗಿ ಗಾಳಿ ಇನ್ನೂ ಸಾಲದಿರುವ ಆ ಒಂದು ಸೆಕೆಂಡಿನಲ್ಲಿ ಕೆಟ್ಟ ಇಂಜೆಕ್ಟರ್, ಕಟ್ಟಿದ ಗಾಳಿಜಾಲರಿ, ಸವೆದ ಪಂಪು ಎಲ್ಲವೂ ಮಸಿಯ ರೂಪದಲ್ಲಿ ಬಯಲಾಗುತ್ತವೆ. ಹಳೆಯ ಲಾರಿಗಳ ಮಟ್ಟಿಗೆ ಇದು ಜಾಣ ಪರೀಕ್ಷೆ.

ಮೋಸಕ್ಕೆ ದಾರಿಯಿಲ್ಲವೆಂದಲ್ಲ. ಶೋಧಕವನ್ನು ಕೊಳವೆಯ ಬಾಯಲ್ಲೇ ಸಡಿಲವಾಗಿ ನಿಲ್ಲಿಸಿ, ಹೊಗೆಗೆ ಸಮಪಾಲು ಗಾಳಿ ಬೆರೆತರೆ ಗುಣಾಂಕ ಅರ್ಧಕ್ಕಿಳಿಯುತ್ತದೆ. 4 ಇದ್ದದ್ದು 2 ಆಗಿ ಲಾರಿ ಪಾಸಾಗುತ್ತದೆ. ಹಾರ್ಟ್ರಿಜ್ ಮಾನದಲ್ಲಿ 82 ಇದ್ದದ್ದು 41 ಆಗದೆ 58 ಆಗುತ್ತದೆ. ಏಕೆಂದು ವಿದ್ಯಾರ್ಥಿಗಳನ್ನು ಕೇಳಿ.

ನನ್ನ ಆಕ್ಷೇಪ ಇರುವುದು ಬೇರೆಡೆ. ಈ ಉಪಕರಣ ಕೇಳುವುದು ಒಂದೇ ಪ್ರಶ್ನೆ: ಬೆಳಕು ಎಷ್ಟು ತಡೆಯಿತು? ಡೀಸೆಲ್ ದಹನದಲ್ಲಿ ಹುಟ್ಟುವ ನೈಟ್ರೋಜನ್ ಆಕ್ಸೈಡ್‌ಗಳಲ್ಲಿ ಬಹುಭಾಗ ನೈಟ್ರಿಕ್ ಆಕ್ಸೈಡ್. ಅದಕ್ಕೆ ಬಣ್ಣವಿಲ್ಲ. ಹೊಗೆಮಾಪಕಕ್ಕೆ ಅದು ಇಲ್ಲವೇ ಇಲ್ಲ. ಆದರೆ ಗಾಳಿಗೆ ಸೇರಿದ ಮೇಲೆ ಅದೇ ನೈಟ್ರೋಜನ್ ಡೈಆಕ್ಸೈಡ್ ಆಗಿ ಶ್ವಾಸಕೋಶವನ್ನು ಕೆರಳಿಸುತ್ತದೆ, ಬಿಸಿಲಿನಲ್ಲಿ ಓಝೋನ್ ಹುಟ್ಟಲು ಕಾರಣವಾಗುತ್ತದೆ.

2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಬಿಎಸ್-6 ಮಾನಕದ ಮುಖ್ಯ ಗುರಿಗಳಲ್ಲೊಂದು ಈ ಅನಿಲ. ಭಾರಿ ಎಂಜಿನ್‌ಗಳಿಗೆ ಬಿಎಸ್-3ರಲ್ಲಿ ಪ್ರತಿ ಕಿಲೋವಾಟ್-ಗಂಟೆಗೆ 5 ಗ್ರಾಂ, ಬಿಎಸ್-4ರಲ್ಲಿ 3.5 ಗ್ರಾಂ ಇದ್ದ ಮಿತಿ ಬಿಎಸ್-6ರ ಸ್ಥಿರ ಆವರ್ತದಲ್ಲಿ 0.40, ಅಸ್ಥಿರ ಆವರ್ತದಲ್ಲಿ 0.46 ಗ್ರಾಂಗೆ ಇಳಿಯಿತು. ಇದನ್ನು ಸಾಧಿಸುವುದು ಹೊಗೆ ಕೊಳವೆಗೆ ಚಿಮ್ಮಿಸುವ ನೂರಕ್ಕೆ 32.5ರ ಯೂರಿಯಾ ದ್ರಾವಣ. ಬಿಸಿಗೆ ಯೂರಿಯಾ ಒಡೆದು ಅಮೋನಿಯ ಆಗುತ್ತದೆ. ಅಮೋನಿಯ ಕ್ರಿಯಾವರ್ಧಕದ ಮೇಲೆ ನೈಟ್ರಿಕ್ ಆಕ್ಸೈಡಿನೊಡನೆ ವರ್ತಿಸಿ ನೈಟ್ರೋಜನ್ ಮತ್ತು ನೀರಾಗುತ್ತದೆ. ಹೊಸ ಲಾರಿಯಡಿಯಲ್ಲಿ ನಮಗೆ ಸೈಲೆನ್ಸರ್‌ನಂತೆ ಕಾಣುವ ಡಬ್ಬಿ ಹೆಚ್ಚಾಗಿ ಇದೇ ರಸಾಯನಶಾಲೆ.

ಯೂರಿಯಾಕ್ಕೆ ಹಣ ಬೇಕು. ತೊಟ್ಟಿ ಬರಿದಾದರೆ ಎಂಜಿನ್ ತಾನೇ ತನ್ನ ಬಲ ತಗ್ಗಿಸಿಕೊಳ್ಳುತ್ತದೆ. ಹಂಗಾಮಿನಲ್ಲಿ ಖೇಪಿನ ಲೆಕ್ಕದ ಮೇಲೆ ಬದುಕುವ ಮಾಲೀಕನಿಗೆ ಇದು ನಿಜವಾದ ತಾಪತ್ರಯ. ಆದ್ದರಿಂದಲೇ 'ಎಲ್ಲ ಸರಿಯಿದೆ' ಎಂದು ಎಂಜಿನ್ನಿನ ಗಣಕಕ್ಕೆ ಸುಳ್ಳು ಸಂಕೇತ ಕಳಿಸುವ ಪುಟ್ಟ ಪೆಟ್ಟಿಗೆಗಳು ಹುಟ್ಟಿಕೊಂಡಿವೆ. ಇಂಥದ್ದನ್ನು ಕೂರಿಸಿದ ಲಾರಿಯನ್ನು ಹೊಗೆಮಾಪಕದ ಮುಂದೆ ನಿಲ್ಲಿಸಿ: ಮಸಿಯ ಸೋಸುಕ ಹಾಗೇ ಇರುವುದರಿಂದ ಮುಳ್ಳು ಅಲುಗುವುದೇ ಇಲ್ಲ. ಮೇಲೆ ಹೇಳಿದ ಏರನ್ನೇ ಆರು ನಿಮಿಷ ಹತ್ತಿದರೆ ಖರ್ಚಾಗುವುದು 6.8 ಕಿಲೋವಾಟ್-ಗಂಟೆ. ಮಿತಿಯೊಳಗಿರುವ ಲಾರಿ ಅಷ್ಟರಲ್ಲಿ 3 ಗ್ರಾಂ ನೈಟ್ರೋಜನ್ ಆಕ್ಸೈಡ್ ಬಿಟ್ಟರೆ, ಯೂರಿಯಾ ನಿಲ್ಲಿಸಿದ ಲಾರಿ, ಪ್ರತಿ ಕಿಲೋವಾಟ್-ಗಂಟೆಗೆ 5 ಗ್ರಾಂ ಎಂದೇ ಹಿಡಿದರೂ, 34 ಗ್ರಾಂ ಬಿಡುತ್ತದೆ. ಇಬ್ಬರ ಕೈಯಲ್ಲೂ ಒಂದೇ ಪ್ರಮಾಣಪತ್ರ.

ಪ್ರಯೋಗಾಲಯದಲ್ಲಿ ಒಂದು, ರಸ್ತೆಯಲ್ಲಿ ಇನ್ನೊಂದು ಎಂಬ ಕಥೆ ಹೊಸದಲ್ಲ. 2015ರ ಸೆಪ್ಟೆಂಬರಿನಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಹಗರಣದ ಜಾಡು ಸಿಕ್ಕಿದ್ದು ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದವರು ಉಪಕರಣವನ್ನು ಕಾರಿನಲ್ಲೇ ಹೇರಿಕೊಂಡು ರಸ್ತೆಗಿಳಿದದ್ದರಿಂದ.

ಹಾಗಾದರೆ ಹೊಗೆ ಕೊಳವೆಯನ್ನು ಮುಟ್ಟಲೇಬಾರದೇ? ಕಬ್ಬಿನ ಲಾರಿಯವರಿಗೆ ಮುಟ್ಟಲು ನ್ಯಾಯವಾದ ಕಾರಣವೂ ಇದೆ: ಬಿಸಿ ಕೊಳವೆಯ ಬಾಯಿಗೆ ಒಣ ರವದಿ ತಾಗಿದರೆ ಬೆಂಕಿ. ಕೊಳವೆಯ ತುದಿಯನ್ನು ಬದಲಿಸುವಾಗ 112ನೆಯ ನಿಯಮ ನೆನಪಿರಲಿ; ಹೊಗೆ ಕೆಳಕ್ಕಾಗಲಿ ಎಡಕ್ಕಾಗಲಿ ಹೋಗಕೂಡದು, ಹಿಂದಕ್ಕೆ ಅಥವಾ ಬಲಕ್ಕೆ ಹೋಗಬೇಕು. 113ರ ಪ್ರಕಾರ ಇಂಧನದ ಕೊಳವೆಯಿಂದ ಕನಿಷ್ಠ 35 ಮಿಲಿಮೀಟರ್ ಅಂತರವಿರಬೇಕು. 1988ರ ಕಾಯಿದೆಯ 52ನೆಯ ಕಲಮಿನಂತೆ ನೋಂದಣಿಯ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗಬಾರದು. ಬಿಎಸ್-6 ಲಾರಿಯಲ್ಲಿ ಭೌತವಿಜ್ಞಾನವೇ ಇನ್ನೊಂದು ಗೆರೆ ಎಳೆಯುತ್ತದೆ: ಕೊನೆಯ ಸಂವೇದಕದಿಂದ ಆಚೆಗಿನ ತುಂಡನ್ನು ಬಿಟ್ಟು ಉಳಿದುದಕ್ಕೆ ಕೈ ಹಾಕಬಾರದು. ಕ್ರಿಯಾವರ್ಧಕಕ್ಕೆ ಮುಂಚಿನ ಕೊಳವೆಯನ್ನು ಉದ್ದ ಮಾಡಿದರೆ ಅನಿಲ ತಣಿಯುತ್ತದೆ; ಸುಮಾರು 200 ಡಿಗ್ರಿಗಿಂತ ಕೆಳಗೆ ಯೂರಿಯಾ ಸರಿಯಾಗಿ ಒಡೆಯದೆ ಗೋಡೆಗೆ ಹರಳಾಗಿ ಅಂಟಿಕೊಳ್ಳುತ್ತದೆ. ವೆಲ್ಡಿಂಗ್ ಮಾಡುವವನಿಗೆ ಇದನ್ನು ಹೇಳುವವರಾರು?

ಪ್ರಮಾಣಪತ್ರ ಕೊಡುವಲ್ಲಿ ಲಾರಿಯ ದೋಷಸ್ಮೃತಿಯನ್ನು ಓದಿದರೆ ಸಾಕೆಂದು ಕೆಲವರು ಸೂಚಿಸುತ್ತಾರೆ. ಸಾಲದು, ಸುಳ್ಳು ಪೆಟ್ಟಿಗೆ ವಂಚಿಸುವುದು ಆ ಸ್ಮೃತಿಯನ್ನೇ. ಕೊಳವೆಯಲ್ಲಿ ಪರೀಕ್ಷಕನದೇ ಆದ ನೈಟ್ರೋಜನ್ ಆಕ್ಸೈಡ್ ಸಂವೇದಕ ಇರಬೇಕು. ಅಂಥ ಸಂವೇದಕ ದುರ್ಲಭ ವಸ್ತುವಲ್ಲ, ಬಿಎಸ್-6 ಲಾರಿಗಳಲ್ಲೇ ಇರುತ್ತದೆ. ಲಾರಿಯನ್ನು ಹೊರೆಯ ಸಮೇತ ಒಂದು ಗೊತ್ತಾದ ಏರಿನಲ್ಲಿ, ಕ್ರಿಯಾವರ್ಧಕ ಬಿಸಿಯಾಗುವಷ್ಟು ಹೊತ್ತು ಓಡಿಸಿ ಅಳೆಯಬೇಕು. ಜೊತೆಗೆ ಡೀಸೆಲ್ ಮತ್ತು ಯೂರಿಯಾದ ಖರೀದಿ ಚೀಟಿಗಳನ್ನೂ ನೋಡಬಹುದು. ನೂರು ಲೀಟರ್ ಡೀಸೆಲ್‌ಗೆ ನಾಲ್ಕೈದು ಲೀಟರ್ ಯೂರಿಯಾ ಹೋಗಿರಬೇಕು. ಹೋಗಿಲ್ಲವಾದರೆ ಬಾನೆಟ್ ತೆರೆಸಿ ನೋಡಲು ಅಷ್ಟು ಕಾರಣ ಸಾಕು.