ಮೊದಲು ಊಹೆ, ಆಮೇಲೆ ಬೆರಳು

ಒಂದು ಸೆಲ್ಲು, ಒಂದೇ ಬಗೆಯ ಎರಡು ಬಲ್ಬು, ಅವನ್ನು ಒಂದರ ಹಿಂದೊಂದು ಜೋಡಿಸುವ ತಂತಿ. ಯಾವ ಬಲ್ಬು ಹೆಚ್ಚು ಪ್ರಕಾಶವಾಗಿ ಉರಿಯುತ್ತದೆ? ಓಮ್‌ನ ನಿಯಮದ ಲೆಕ್ಕವನ್ನು ತಪ್ಪಿಲ್ಲದೆ ಬಿಡಿಸುವ ಮಕ್ಕಳಲ್ಲೂ ಅನೇಕರು ‘ಮೊದಲನೆಯದು’ ಎನ್ನುತ್ತಾರೆ. ಕರೆಂಟು ಅಲ್ಲೇ ಒಂದಿಷ್ಟು ಖರ್ಚಾಗಿ, ಉಳಿದದ್ದು ಎರಡನೆಯದಕ್ಕೆ ಸಿಗುತ್ತದೆ ಎಂಬುದು ಅವರ ತರ್ಕ. ವಿಜ್ಞಾನ ಬೋಧನೆಯ ಸಂಶೋಧಕರು ಹಲವು ದೇಶಗಳಲ್ಲಿ ದಾಖಲಿಸಿರುವ ತಪ್ಪು ಇದು. ನಿಜದಲ್ಲಿ ಎರಡೂ ಸಮವಾಗಿಯೇ ಉರಿಯುತ್ತವೆ.

ಈ ತಪ್ಪನ್ನು ಕಪ್ಪುಹಲಗೆಯ ಮೇಲೆ ತಿದ್ದುವುದು ಕಷ್ಟ, ಏಕೆಂದರೆ ಕರೆಂಟು ಕಣ್ಣಿಗೆ ಕಾಣದು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ‘ಫೆಟ್’ ಯೋಜನೆಯ ವಿದ್ಯುತ್ ಮಂಡಲ ಜೋಡಣೆಯ ಸಾಧನ ಕೈಹಾಕುವುದು ಅಲ್ಲಿಗೇ. ಪರದೆಯ ಮೇಲೆ ಬ್ಯಾಟರಿ, ತಂತಿ, ಬಲ್ಬು, ಸ್ವಿಚ್ಚುಗಳನ್ನು ಎಳೆದು ಜೋಡಿಸಿದರೆ ಎಲೆಕ್ಟ್ರಾನುಗಳು ನೀಲಿ ಚುಕ್ಕೆಗಳಾಗಿ ತಂತಿಯುದ್ದಕ್ಕೂ ಸರಿಯುತ್ತವೆ. ಮೊದಲ ಬಲ್ಬಿಗೆ ಮುಂಚೆ ಯಾವ ವೇಗವೋ ಎರಡನೆಯದರ ಆಚೆಗೂ ಅದೇ ವೇಗ. ಬ್ಯಾಟರಿಯ ಎರಡು ತುದಿಗಳನ್ನು ನೇರವಾಗಿ ತಂತಿಯಿಂದ ಸೇರಿಸಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಯಾರ ಕೈಯೂ ಸುಡುವುದಿಲ್ಲ, ಯಾರೂ ಬೈಯುವುದಿಲ್ಲ. ಬೇಕಾದ ಅನುಕರಣೆಯನ್ನು (ಸಿಮ್ಯುಲೇಶನ್) ಒಮ್ಮೆ ಇಳಿಸಿಟ್ಟುಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ಓಡುತ್ತದೆ, ಕಾಸು ಕೊಡಬೇಕಿಲ್ಲ, ಹಲವು ಅನುಕರಣೆಗಳು ಕನ್ನಡದಲ್ಲೂ ಇವೆ.

ಇದು ಬರೀ ಆಟಿಕೆಯಲ್ಲ ಎನ್ನಲು ಪುರಾವೆಯಿದೆ. ನೋಹ್ ಫಿಂಕೆಲ್‌ಸ್ಟೈನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಯೋಗಾಲಯದ ನಿಜವಾದ ಉಪಕರಣಗಳ ಬದಲು ಈ ಸಾಧನದಿಂದ ಕಲಿತವರು ಪರಿಕಲ್ಪನೆಯ ಪ್ರಶ್ನೆಗಳಲ್ಲಿ ಮಾತ್ರವಲ್ಲ, ಕೊನೆಗೆ ನಿಜವಾದ ತಂತಿ, ಬಲ್ಬು ಕೊಟ್ಟು ಮಂಡಲ ಕಟ್ಟಲು ಹೇಳಿದಾಗಲೂ ಮುಂದಿದ್ದರು.

ಆದರೂ ಇದನ್ನು ಕಣ್ಣುಮುಚ್ಚಿ ಹೊಗಳಲಾಗದು. ಪರದೆಯ ಬ್ಯಾಟರಿ ಆದರ್ಶ ಬ್ಯಾಟರಿ. ಅದರ ಆಂತರಿಕ ರೋಧವನ್ನು ನಾವೇ ಹೆಚ್ಚಿಸದ ಹೊರತು ಅದು ಸೊನ್ನೆ. ಹಳೆಯ ಟಾರ್ಚಿನ ಸೆಲ್ಲಿಗೆ ಒಂದರ ಪಕ್ಕ ಒಂದರಂತೆ ಬಲ್ಬು ಸೇರಿಸುತ್ತ ಹೋದರೆ ಎಲ್ಲವೂ ಮಂಕಾಗುವುದನ್ನು ಮಗು ಅಲ್ಲಿ ಕಾಣುವುದಿಲ್ಲ. ಸಡಿಲ ಸಂಪರ್ಕ, ತುಕ್ಕು ಹಿಡಿದ ತುದಿ ಯಾವುದೂ ಅಲ್ಲಿಲ್ಲ. ಎಲೆಕ್ಟ್ರಾನೆಂದರೆ ನೀಲಿ ಗೋಲಿ ಎಂದು ನಂಬಿ ಹೊರಡುವ ಅಪಾಯವೂ ಇದೆ. ಇದಕ್ಕಿಂತ ದೊಡ್ಡ ಕೊರತೆ ಮತ್ತೊಂದು, ಅದು ಸಾಧನದ್ದಲ್ಲ, ಬಳಕೆಯದ್ದು.

ಅದನ್ನು ಹೇಳಲು ಹರಿಹರಕ್ಕಿಂತ ತಕ್ಕ ಜಾಗ ಸಿಗುವುದು ಕಷ್ಟ. 1941ರಲ್ಲೇ ಅಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳ ಕಾರ್ಖಾನೆ ಹುಟ್ಟಿತ್ತು. ಈಗ ಅದು ಮುಚ್ಚಿಹೋಗಿದೆ. ಲೇತಿನ ಮುಂದೆ ನಿಂತವರು ಟೂಲ್ ಎಷ್ಟು ಒಳಗೆ ಹೋದರೆ ಲೋಹ ಎಷ್ಟು ಕಡಿಯುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಲೇಬೇಕು, ಇಲ್ಲದಿದ್ದರೆ ಜಾಬ್ ಹಾಳು. ಪರದೆಯ ಮೇಲೆ ಆ ಅಂಜಿಕೆಯಿಲ್ಲ. ಎಷ್ಟು ಸಲ ಬೇಕಾದರೂ ಅಳಿಸಿ ಮತ್ತೆ ಜೋಡಿಸಬಹುದು. ಮಗುವಿಗೆ ಧೈರ್ಯ ಬರುವುದು ಅದರಿಂದಲೇ, ಯೋಚಿಸದೆ ಸಿಕ್ಕಿದ್ದನ್ನೆಲ್ಲ ಒತ್ತುವ ಚಾಳಿ ಹತ್ತುವುದೂ ಅದರಿಂದಲೇ. ಏನಾದೀತು ಎಂದು ಊಹಿಸದೆ ಒತ್ತಿದ ಬೆರಳಿಗೆ ಬಲ್ಬು ಉರಿದರೂ ಒಂದೇ, ಆರಿದರೂ ಒಂದೇ.

ಮಗು ಮೊದಲು ಊಹಿಸುತ್ತದೆಯೇ ಎಂಬ ಒರೆಗಲ್ಲಿಗೆ ತಿಕ್ಕಿದರೆ ‘ಇಂಟರ್‌ಆಕ್ಟಿವ್’ ಎಂದು ಕರೆಸಿಕೊಳ್ಳುವ ಬಹಳಷ್ಟು ಸಾಮಗ್ರಿಗಳ ಬಣ್ಣ ಬಿಡುತ್ತದೆ. 2017ರ ಸೆಪ್ಟೆಂಬರ್ 5ರಂದು ಕೇಂದ್ರ ಸರ್ಕಾರ ‘ದೀಕ್ಷಾ’ ಡಿಜಿಟಲ್ ಕಲಿಕಾ ವೇದಿಕೆಯನ್ನು ಆರಂಭಿಸಿತು. ಕರ್ನಾಟಕದ ಪಠ್ಯಪುಸ್ತಕಗಳಲ್ಲಿ ಅದಕ್ಕೆ ಕೊಂಡೊಯ್ಯುವ ಕ್ಯೂಆರ್ ಕೋಡುಗಳು ಬಂದವು. ಒಳ್ಳೆಯ ಕೆಲಸವೇ. ಆದರೆ ಕೋಡಿನ ಹಿಂದೆ ಹೆಚ್ಚಾಗಿ ಸಿಗುವುದು ವಿಡಿಯೊ. ಮಗು ಅಲ್ಲಿ ಮತ್ತೆ ಕೇಳುಗನೇ. ಕೊರೊನಾ ಕಾಲದಲ್ಲಿ ಇದು ಇನ್ನೂ ಸ್ಪಷ್ಟವಾಯಿತು. 2020ರ ಜುಲೈನಲ್ಲಿ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಶುರುವಾದವು, ಆಗಸ್ಟ್‌ನಲ್ಲಿ ಶಿಕ್ಷಕರು ‘ವಿದ್ಯಾಗಮ’ದಡಿ ಮಕ್ಕಳಿದ್ದಲ್ಲಿಗೇ ಹೋದರು. ಮಗು ತಿರುಗಿ ಪ್ರಶ್ನೆ ಕೇಳಲು ಸಾಧ್ಯವಾದದ್ದು ಟಿ.ವಿ.ಯ ಮುಂದಲ್ಲ, ದೇವಸ್ಥಾನದ ಜಗಲಿಯ ಮೇಲೆ, ಮರದ ನೆರಳಲ್ಲಿ. ಅಕ್ಟೋಬರ್‌ನಲ್ಲಿ ವಿದ್ಯಾಗಮವೂ ನಿಂತಿತು.

ಕ್ವಿಜ್ ಆ್ಯಪುಗಳ ಕಥೆ ಬೇರೆ. ನಾರ್ವೆಯಲ್ಲಿ ಹುಟ್ಟಿ 2013ರಲ್ಲಿ ಹೊರಬಂದ ‘ಕಹೂಟ್’ ತರಗತಿಯನ್ನು ಎಬ್ಬಿಸಿ ಕೂರಿಸುತ್ತದೆ, ನಿಜ. ಆದರೆ ಅದರ ಸಾಮಾನ್ಯ ಲೆಕ್ಕದಲ್ಲಿ ಬೇಗ ಒತ್ತಿದವರಿಗೆ ಹೆಚ್ಚು ಅಂಕ. ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಬಂದ ವಿದ್ಯಾರ್ಥಿನಿ ಇಂಗ್ಲಿಷ್ ಪ್ರಶ್ನೆಯನ್ನು ಎರಡು ಸಲ ಓದುವಷ್ಟರಲ್ಲಿ ಪಕ್ಕದವಳ ಹೆಸರು ಪಟ್ಟಿಯ ತುದಿಗೇರಿರುತ್ತದೆ. ನಿಧಾನವಾಗಿ ಯೋಚಿಸುವುದನ್ನು ಶಿಕ್ಷಿಸುವ ಸಾಧನವನ್ನು ಕಲಿಕೆಯ ಸಾಧನವೆಂದು ಕರೆಯಲು ಮನಸ್ಸು ಒಪ್ಪುವುದಿಲ್ಲ. ವೇಗದ ಅಂಕವನ್ನು ಕೈಬಿಟ್ಟು ಆಡಿಸುವ ಶಿಕ್ಷಕರು ಅದರಿಂದ ಒಳ್ಳೆಯ ಕೆಲಸ ತೆಗೆಯಬಲ್ಲರು.

ಹೇಗೆ ಎಂಬುದಕ್ಕೆ ಹಾರ್ವರ್ಡ್‌ನ ಎರಿಕ್ ಮಜೂರ್ 1991ರಲ್ಲಿ ರೂಢಿಸಿಕೊಂಡ ಕ್ರಮವಿದೆ. ಒಂದು ಪ್ರಶ್ನೆ, ಪ್ರತಿಯೊಬ್ಬರೂ ತಮ್ಮ ಉತ್ತರಕ್ಕೆ ಮತ ಹಾಕಬೇಕು, ಬಳಿಕ ಪಕ್ಕದವರೊಂದಿಗೆ ವಾದಿಸಬೇಕು, ಮತ್ತೆ ಮತ. ಇದಕ್ಕೆ ಟ್ಯಾಬ್ಲೆಟ್ ಬೇಕಿಲ್ಲ, ಎತ್ತಿದ ಕೈ ಸಾಕು. ಹೀಗೆ ವಿದ್ಯಾರ್ಥಿಗಳನ್ನು ಯೋಚನೆಗೆ ಹಚ್ಚುವ ವಿಧಾನಗಳ ಬಗ್ಗೆ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 2014ರಲ್ಲಿ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬರೀ ಉಪನ್ಯಾಸದ ತರಗತಿಗಳಲ್ಲಿ ಅನುತ್ತೀರ್ಣರು ಸುಮಾರು ಶೇಕಡ 34, ಸಕ್ರಿಯ ಕಲಿಕೆಯ ತರಗತಿಗಳಲ್ಲಿ ಶೇಕಡ 22.

ಒಂದೇ ಪ್ರೊಜೆಕ್ಟರ್ ಇರುವ ಸರ್ಕಾರಿ ಪ್ರೌಢಶಾಲೆಗೂ ಇದು ಎಟುಕುವ ದಾರಿ. ಹತ್ತನೇ ತರಗತಿಯ ‘ವಿದ್ಯುಚ್ಛಕ್ತಿ’ ಪಾಠಕ್ಕೆ ಎರಡು ಬಲ್ಬಿನ ಪ್ರಶ್ನೆ. ಬೆಳಕಿನ ಪಾಠಕ್ಕೆ, ಹರಿಹರದ ಮಕ್ಕಳು ಬಲ್ಲ ತುಂಗಭದ್ರೆಯ ತಿಳಿನೀರಿನಲ್ಲಿ ಕಾಣುವ ಕಲ್ಲು ಕಂಡಷ್ಟೇ ಆಳದಲ್ಲಿದೆಯೇ ಎಂಬ ಪ್ರಶ್ನೆ. ಮಕ್ಕಳು ಉತ್ತರವನ್ನೂ ಕಾರಣವನ್ನೂ ನೋಟ್‌ಬುಕ್ಕಿನಲ್ಲಿ ಬರೆದು, ಕೈಯೆತ್ತಿ, ಜಗಳವಾಡಿದ ಮೇಲೆ ಶಿಕ್ಷಕರು ಅನುಕರಣೆಯನ್ನು ಓಡಿಸಲಿ. ಕೊನೆಯಲ್ಲಿ ನಿಜವಾದ ಸೆಲ್ಲು, ಬಲ್ಬು ಮೇಜಿನ ಮೇಲೆ ಬರಲಿ.

ಇದಕ್ಕೆ ಬೇಕಾದ ಬುನಾದಿ ರಾಜ್ಯದಲ್ಲಿ ಆಗಲೇ ಬಿದ್ದಿತ್ತು. 2010ರ ದಶಕದ ಆರಂಭದಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿ.ಎಸ್.ಇ.ಆರ್.ಟಿ.) ಮತ್ತು ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಪ್ರೌಢಶಾಲಾ ಶಿಕ್ಷಕರು ಜಿಯೋಜೀಬ್ರಾ, ಫೆಟ್‌ನಂಥ ಸಾಧನಗಳನ್ನು ಕಲಿತು, ಕನ್ನಡದಲ್ಲಿ ಮುಕ್ತ ಪಾಠ ಸಾಮಗ್ರಿಯನ್ನು ತಾವೇ ಬರೆದರು. ಬೇರೆಯವರು ಮಾಡಿಕೊಟ್ಟ ವಿಡಿಯೊವನ್ನು ತೋರಿಸುವವರಾಗಿ ಅಲ್ಲ, ಪಾಠ ಕಟ್ಟುವವರಾಗಿ ಅಲ್ಲಿ ಶಿಕ್ಷಕರಿದ್ದರು. ಸಾಧನಕ್ಕಿಂತ ಆ ನಂಬಿಕೆಯೇ ಬೆಲೆಯುಳ್ಳದ್ದು, ಇಂದಿನ ಸ್ಮಾರ್ಟ್ ಕ್ಲಾಸುಗಳಲ್ಲಿ ಕಾಣೆಯಾಗಿರುವುದೂ ಅದೇ.

ಪಾಠ ಮುಗಿಸುವ ಅವಸರದಲ್ಲಿ ಇಂಥ ಜಗಳಕ್ಕೆ ಬಿಡುವೆಲ್ಲಿ ಎಂದು ಶಿಕ್ಷಕರು ಕೇಳುವುದು ನ್ಯಾಯವೇ. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಲಿಖಿತ ಪರೀಕ್ಷೆಗೆ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20. ಆ 20ರಲ್ಲಿ ಒಂದು ಪಾಲನ್ನು ಅನುಕರಣೆ ಓಡಿಸುವ ಮೊದಲು ಮಗು ಬರೆದ ಊಹೆಗೂ ಕಾರಣಕ್ಕೂ, ಊಹೆ ತಪ್ಪಾಗಿದ್ದರೂ, ಕೊಡಬೇಕು. ಅದಕ್ಕೆ ಹೊಸ ಸಾಧನ ಖರೀದಿಸಬೇಕಿಲ್ಲ.