ಯಾವ ಬೆರಳು ಬೇಕು?

ಮೈಕೆಲ್ ಮೂರ್ ಅವರ ‘ಸಿಕೋ’ (2007) ಸಾಕ್ಷ್ಯಚಿತ್ರ ನೋಡಿದವರು ಉಳಿದದ್ದೆಲ್ಲ ಮರೆತರೂ ಆ ಬೆರಳುಗಳನ್ನು ಮರೆಯುವುದಿಲ್ಲ. ಗರಗಸದ ಯಂತ್ರಕ್ಕೆ ಸಿಕ್ಕಿ ಅಮೆರಿಕದ ಒಬ್ಬಾತನ ಎರಡು ಬೆರಳುಗಳ ತುದಿ ತುಂಡಾಗಿದೆ. ಅವನಿಗೆ ಆರೋಗ್ಯ ವಿಮೆ ಇಲ್ಲ. ಆಸ್ಪತ್ರೆ ದರ ಹೇಳುತ್ತದೆ: ನಡುಬೆರಳು ಜೋಡಿಸಲು 60,000 ಡಾಲರ್, ಉಂಗುರದ ಬೆರಳಿಗೆ 12,000. ಅವನು ಅಗ್ಗದ್ದನ್ನು ಆರಿಸಿಕೊಳ್ಳುತ್ತಾನೆ. ಮೂರ್ ಇದನ್ನು ತಮಾಷೆಯ ದನಿಯಲ್ಲೇ ಹೇಳುತ್ತಾರೆ. ನಾವು ನಗುತ್ತೇವೆ, ನಕ್ಕದ್ದಕ್ಕೆ ನಾಚಿಕೊಳ್ಳುತ್ತೇವೆ.

ಮರುಕ್ಷಣವೇ ಚಿತ್ರ ಬೇರೆ ದಾರಿ ಹಿಡಿಯುತ್ತದೆ. ವಿಮೆ ಇಲ್ಲದವರು ಸುಮಾರು 5 ಕೋಟಿ ಜನ ಇದ್ದಾರೆ, ಆದರೆ ಈ ಚಿತ್ರ ಅವರ ಬಗ್ಗೆ ಅಲ್ಲ, ವಿಮೆ ಇರುವ 25 ಕೋಟಿ ಜನರ ಬಗ್ಗೆ ಎಂದು ಮೂರ್ ಘೋಷಿಸುತ್ತಾರೆ. ಬೆರಳು ಕಳೆದುಕೊಂಡವನ ಪಾತ್ರ ಅಲ್ಲಿಗೆ ಮುಗಿಯಿತು. ಮುಂದೆ ಬರುವವರಲ್ಲಿ ಹೆಚ್ಚಿನವರು ಕಂತು ಕಟ್ಟಿಯೂ ವಿಮಾ ಕಂಪನಿಯಿಂದ ಕೈಬಿಡಲ್ಪಟ್ಟವರು.

ತಂತ್ರವಾಗಿ ಇದು ಜಾಣತನವೇ. ತನ್ನ ಜೇಬಿನಲ್ಲಿ ಕಾರ್ಡಿದೆ ಎಂದು ನಿಶ್ಚಿಂತೆಯಿಂದ ಕೂತ ಪ್ರೇಕ್ಷಕನ ನಿದ್ದೆ ಕೆಡಿಸಲು ಬೇರೆ ಉಪಾಯವಿಲ್ಲ. ಆದರೆ ‘ದುಡ್ಡು ಕಟ್ಟಿದ್ದೆ, ಆದರೂ ಚಿಕಿತ್ಸೆ ಕೊಡಲಿಲ್ಲ’ ಎನ್ನುವುದು ಗ್ರಾಹಕನ ದೂರು. ಆ ದೂರಿನ ತಳದಲ್ಲಿ, ಕಟ್ಟಿದವನಿಗೆ ಮಾತ್ರ ಹಕ್ಕುಂಟು ಎಂಬ ಒಪ್ಪಿಗೆಯೂ ಇದೆ. ಏನನ್ನೂ ಕಟ್ಟಲಾಗದವನ ಬಳಿ ಈ ದೂರೂ ಇಲ್ಲ. ಅವನ ಬಳಿ ಇರುವುದು ಗಾಯ ಮಾತ್ರ.

‘ಜಾನ್ ಕ್ಯೂ’ (2002) ಚಿತ್ರವೂ ಇಲ್ಲೇ ಎಡವುತ್ತದೆ. ಡೆಂಜೆಲ್ ವಾಷಿಂಗ್ಟನ್ ಅಭಿನಯಿಸಿದ ಕಾರ್ಖಾನೆ ಕೆಲಸಗಾರನ ಮಗನಿಗೆ ಹೃದಯ ಕಸಿ ಆಗಬೇಕು. ಖರ್ಚು 2,50,000 ಡಾಲರ್. ಹೆಸರು ಪಟ್ಟಿಗೆ ಸೇರಬೇಕಾದರೆ 75,000 ಮುಂಗಡ. ತಂದೆಗೆ ವಿಮೆ ಇದೆ, ಆದರೆ ಕೆಲಸದ ಅವಧಿ ಕಡಿತವಾದ್ದರಿಂದ ಅದು ಈ ಶಸ್ತ್ರಚಿಕಿತ್ಸೆಗೆ ಸಾಲದು. ಕೊನೆಗೆ ಅವನು ಪಿಸ್ತೂಲು ಹಿಡಿದು ಎಮರ್ಜೆನ್ಸಿ ವಾರ್ಡನ್ನೇ ಒತ್ತೆ ಇಟ್ಟುಕೊಳ್ಳುತ್ತಾನೆ, ಮಗನಿಗೆ ತನ್ನ ಹೃದಯವನ್ನೇ ಕೊಡಲು ಸಿದ್ಧನಾಗುತ್ತಾನೆ. ನಾವು ಅವನ ಪರ ನಿಲ್ಲುತ್ತೇವೆ, ಏಕೆಂದರೆ ಅವನು ದುಡಿದವನು, ವಿಮೆ ಪಡೆದವನು, ಪ್ರಾಣ ಕೊಡಬಲ್ಲ ಅಪ್ಪ. ಇದ್ಯಾವುದೂ ಆಗಿರದ ಒಬ್ಬ ಅದೇ ಕೌಂಟರಿನ ಮುಂದೆ ನಿಂತಿದ್ದರೆ?

ಚಿತ್ರಕಥೆಗೆ ಮುಚ್ಚಿದ ಬಾಗಿಲು ಬೇಕು. ಆದರೆ ಅಮೆರಿಕದಲ್ಲಿ ತುರ್ತು ಚಿಕಿತ್ಸೆಯ ಬಾಗಿಲನ್ನು 1986ರ ಕಾನೂನು ತೆರೆದಿದೆ. ಮೆಡಿಕೇರ್ ಹಣ ಪಡೆಯುವ ಆಸ್ಪತ್ರೆಗಳು ಎಮರ್ಜೆನ್ಸಿಗೆ ಬಂದವರನ್ನು, ವಿಮೆ ಇರಲಿ ಬಿಡಲಿ, ಪರೀಕ್ಷಿಸಿ ಅಪಾಯದಿಂದ ಪಾರುಮಾಡಬೇಕು. ಬಿಲ್ಲು ಆಮೇಲೆ ಮನೆಗೆ ಬರುತ್ತದೆ. ಸಕ್ಕರೆ ಕಾಯಿಲೆಯವನು ಪ್ರಜ್ಞೆ ತಪ್ಪಿ ಬಂದರೆ ಒಳಗೆ ಕರೆದುಕೊಳ್ಳಬೇಕು. ಪ್ರಜ್ಞೆ ತಪ್ಪದಂತೆ ಕಾಯುವ ದಿನನಿತ್ಯದ ಇನ್ಸುಲಿನ್ ಕೊಡಬೇಕೆಂದು ಆ ಕಾನೂನು ಹೇಳುವುದಿಲ್ಲ. ಹಾಗಾಗಿ ವಿಮೆ ಇಲ್ಲದವನ ನಿಜವಾದ ಕಥೆ ನಡೆಯುವುದು ಆಸ್ಪತ್ರೆಗೆ ಬರುವ ಮುಂಚೆ, ಮನೆಯಲ್ಲಿ. ಮುಂದಿನ ತಿಂಗಳು ನೋಡೋಣ ಎಂದು ನೋವು ನುಂಗುವುದು, ಗುಳಿಗೆಯನ್ನು ಅರ್ಧ ಮಾಡಿ ನುಂಗುವುದು. ಇದರಲ್ಲಿ ಪಿಸ್ತೂಲಿಲ್ಲ, ಒತ್ತೆಯಾಳುಗಳಿಲ್ಲ. ಆದ್ದರಿಂದಲೇ ಇದು ತೆರೆಗೆ ಬರುವುದಿಲ್ಲ. 2010ರ ಆರೋಗ್ಯ ಕಾನೂನಿನ ನಂತರ ವಿಮೆ ಇಲ್ಲದವರ ಸಂಖ್ಯೆ ಬಹಳ ಇಳಿದರೂ 2023ರಲ್ಲಿ ಸುಮಾರು 2.6 ಕೋಟಿ ಜನ ಹಾಗೆಯೇ ಉಳಿದಿದ್ದರು.

ಇದು ಅಮೆರಿಕದ ಸಿನಿಮಾಗಳ ದೋಷ ಮಾತ್ರವೇ? ವಿಮೆಯ ಮಾತೇ ಇಲ್ಲದ ಲೋಕದಿಂದ ಬಂದ, ನಮಗೆ ಪರಿಚಿತವಾದ ಪ್ರೇಮಚಂದರ ‘ಮಂತ್ರ’ ಕಥೆಯನ್ನು ಪಕ್ಕಕ್ಕಿಟ್ಟು ನೋಡಬಹುದು. ಉಳಿದಿರುವ ಒಬ್ಬನೇ ಮಗನನ್ನು ಕರೆತಂದ ಮುದುಕ ಭಗತನಿಗೆ ಡಾಕ್ಟರ್ ಚಡ್ಡಾ ನಾಳೆ ಬಾ ಎಂದು ಹೇಳಿ ಗಾಲ್ಫ್ ಆಡಲು ಹೋಗುತ್ತಾನೆ. ಹುಡುಗ ಅದೇ ರಾತ್ರಿ ಸಾಯುತ್ತಾನೆ. ಆ ಬಾಗಿಲಲ್ಲಿ ಭಗತನಿಗೆ ರಸೀದಿಯಿಲ್ಲ, ಹಕ್ಕಿನ ಭಾಷೆಯಿಲ್ಲ. ಅವನ ಅಗತ್ಯವೊಂದೇ ಸಾಕೆಂದು ಪ್ರೇಮಚಂದ್ ನಮ್ಮನ್ನು ಒಪ್ಪಿಸುತ್ತಾರೆ. ಆದರೆ ವರ್ಷಗಳ ನಂತರ ಅದೇ ಭಗತ ಡಾಕ್ಟರನ ಮಗನಿಗೆ ಹತ್ತಿದ ಹಾವಿನ ವಿಷ ಇಳಿಸಿ, ಕೃತಜ್ಞತೆಗೂ ಕಾಯದೆ ಹೊರಟುಹೋಗುತ್ತಾನೆ. ಕಥೆ ದೊಡ್ಡದೇ. ಆದರೂ ಬಡವ ಅಲ್ಲಿಯೂ ಸುಮ್ಮನೆ ಬಡವನಾಗಿ ಉಳಿಯಲಾರ, ಮಹಾತ್ಮನಾಗಬೇಕು. ಮೂರ್ ರಸೀದಿ ಕೇಳಿದರು, ‘ಜಾನ್ ಕ್ಯೂ’ ತ್ಯಾಗ ಕೇಳಿತು, ಪ್ರೇಮಚಂದ್ ದೊಡ್ಡ ಮನಸ್ಸು ಕೇಳಿದರು.

ಏನನ್ನೂ ಕೇಳದ ಒಂದು ದೃಶ್ಯ ಇದೆ, ಅದೂ ‘ಸಿಕೋ’ದಲ್ಲೇ. ಲಾಸ್ ಏಂಜಲೀಸಿನ ಸ್ಕಿಡ್ ರೋ ಬೀದಿಯಲ್ಲಿ ಟ್ಯಾಕ್ಸಿಯೊಂದು ಬಂದು ನಿಲ್ಲುತ್ತದೆ. ಆಸ್ಪತ್ರೆಯ ನಿಲುವಂಗಿ ತೊಟ್ಟ ಹೆಂಗಸೊಬ್ಬಳು ದಿಕ್ಕು ತೋಚದೆ ಪಾದಚಾರಿ ದಾರಿಯಲ್ಲಿ ಅಲೆಯುವುದನ್ನು ಭದ್ರತಾ ಕ್ಯಾಮೆರಾ ದಾಖಲಿಸಿದೆ. ಅವಳು ದುಡಿದವಳೇ, ಒಳ್ಳೆಯವಳೇ ಎಂದು ಆ ಕ್ಯಾಮೆರಾ ಹೇಳುವುದಿಲ್ಲ. ನಮಗೂ ತಿಳಿದುಕೊಳ್ಳಬೇಕು ಎನಿಸುವುದಿಲ್ಲ. ಅವಳನ್ನು ಒಳಗೆ ಕರೆದುಕೊಂಡು ಹೋಗಲಿ ಎಂದಷ್ಟೇ ಅನಿಸುತ್ತದೆ. ಯಾರ ಬಗ್ಗೆ ಚಿತ್ರ ಮಾಡುವುದಿಲ್ಲ ಎಂದು ಮೂರ್ ಆರಂಭದಲ್ಲಿ ಹೇಳಿದ್ದರೋ ಅವಳೇ ಬಂದು ಆ ಚಿತ್ರವನ್ನು ಗೆಲ್ಲಿಸಿದ್ದಾಳೆ.