ಮರಳಿ ಬಂದ ಬುಧವಾರ

ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ತಿಂಗಳಿಗೊಂದು ಬುಧವಾರ ರಾತ್ರಿ ಎಂಟು ಗಂಟೆಗೆ ಹತ್ತು ಹನ್ನೆರಡು ಮಂದಿ ಸೇರುತ್ತೇವೆ. ಎಲ್ಲರೂ ಅರವತ್ತೈದು ದಾಟಿದವರೇ. ಮರಾಠಿಯವರು, ಗುಜರಾತಿಯವರು, ಒಬ್ಬರು ಸಿಂಧಿ, ಕನ್ನಡದವರು ನಾವು ಮೂವರು. ಮೇಜಿನ ಮೇಲೆ ಹಳೆ ಟ್ರಾನ್ಸಿಸ್ಟರಿನ ವೇಷ ಹಾಕಿಕೊಂಡ ಕಾರವಾನ್ ಪೆಟ್ಟಿಗೆ. ಗುಂಡಿ ಒತ್ತಿದರೆ ಅಮೀನ್ ಸಯಾನಿಯವರ ಗೀತಮಾಲಾ ಶುರು. 'ಬೆಹನೋ ಔರ್ ಭಾಯಿಯೋ' ಅಂದ ಕೂಡಲೇ ಎಲ್ಲರ ಮುಖದಲ್ಲೂ ಒಂದೇ ನಗು. ಚಹಾ ಬರುತ್ತದೆ, ಕಣ್ಣು ಮುಚ್ಚಿ ತಲೆದೂಗುತ್ತೇವೆ.

ಒಂದು ಸಲ ಮೊದಲ ಸ್ಥಾನದ ಹಾಡು ಬರುವ ಮೊದಲೇ ನಮ್ಮಲ್ಲೊಬ್ಬರು ಅದನ್ನು ಗುನುಗಿಬಿಟ್ಟರು. ನನ್ನ ಸ್ನೇಹಿತ ಕುಂದಾಪುರ ಕಡೆಯವರು, "ಎಂಥದು ಮಾರಾಯ್ರೆ, ಇಷ್ಟು ಬೇಗ ಹೇಳಿಬಿಟ್ರಲ್ಲ!" ಅಂತ ರೇಗಿದರು. ಎಲ್ಲರೂ ನಕ್ಕರು. ಐವತ್ತು ವರ್ಷದ ಹಿಂದೆ ತೀರ್ಮಾನ ಆಗಿಹೋದ ಪಂದ್ಯ ಅದು, ಈಗ ಮುಚ್ಚಿಡುವುದಕ್ಕೇನಿದೆ? ಆದರೆ ಆ ರೇಗಾಟ ನನ್ನ ತಲೆಯಲ್ಲೇ ಉಳಿಯಿತು. ಗೀತಮಾಲಾ ಮತ್ತೆ ಕೇಳುವಾಗ ನಾವು ಕೇಳುತ್ತಿರುವುದು ಏನನ್ನು?

ಊರಲ್ಲಿರುವ ಓದುಗರಿಗೂ ಈ ಕಾರ್ಯಕ್ರಮ ಹೊಸದೇನಲ್ಲ. ಶಾರ್ಟ್‌ವೇವಿನ ಮುಳ್ಳು ತಿರುಗಿಸಿ ಸಿಲೋನ್ ಹಿಡಿದವರು ಹುಬ್ಬಳ್ಳಿಯಲ್ಲೂ ಇದ್ದರು, ಉಡುಪಿಯಲ್ಲೂ ಇದ್ದರು. 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮಂತ್ರಿಯಾದರು. ಸಿನಿಮಾ ಹಾಡು ಕೇಳಿದರೆ ಜನರ ಅಭಿರುಚಿ ಕೆಡುತ್ತದೆ ಅನ್ನುವುದು ಅವರ ನಂಬಿಕೆ. ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಜಾಗ ಇಲ್ಲವಾಯಿತು. ಕೇಳುಗರು ಸಮುದ್ರದಾಚೆಯ ರೇಡಿಯೋ ಸಿಲೋನಿಗೆ ಹೋದರು. ಆ ವರ್ಷದ ಡಿಸೆಂಬರಿನಲ್ಲಿ ಬಿನಾಕಾ ಟೂತ್‌ಪೇಸ್ಟಿನವರ ದುಡ್ಡಿನಲ್ಲಿ ಗೀತಮಾಲಾ ಹುಟ್ಟಿತು. ಮೊದಮೊದಲು ಅದು ಹಾಡುಗಳನ್ನು ಕೇಳುಗರೇ ಕ್ರಮವಾಗಿ ಜೋಡಿಸುವ ಸ್ಪರ್ಧೆ. ಆಮೇಲೆ ಮೆಟ್ಟಿಲು ಹತ್ತಿಳಿಯುವ ಪಟ್ಟಿಯಾಯಿತು. ಅಂಗಡಿಗಳಲ್ಲಿ ತಟ್ಟೆ ಎಷ್ಟು ಮಾರಾಟ ಆಯಿತು, ಕೇಳುಗರ ಸಂಘಗಳು ಏನು ಕೇಳಿದವು ಅನ್ನುವುದನ್ನು ಸೇರಿಸಿ ಸ್ಥಾನ ಕೊಡುತ್ತಿದ್ದರು. ಆಕಾಶವಾಣಿ ತಾನೇ ಸೋತು 1957ರಲ್ಲಿ ವಿವಿಧ ಭಾರತಿ ಶುರು ಮಾಡಿತು. ಗೀತಮಾಲಾ ಅಲ್ಲಿಗೆ ಬಂದದ್ದು ಮಾತ್ರ 1989ರಲ್ಲಿ.

ಇದರಲ್ಲಿ ನನಗೆ ಬಹಳ ಹಿಡಿಸುವ ಸಂಗತಿ ಒಂದಿದೆ. ಕಾರ್ಯಕ್ರಮದ ಧ್ವನಿಮುದ್ರಣ ಆಗುತ್ತಿದ್ದದ್ದು ಮುಂಬಯಿಯಲ್ಲೇ. ಟೇಪು ಕೊಲಂಬೊಗೆ ಹೋಗಿ, ಅಲ್ಲಿಂದ ಗಾಳಿಯಲ್ಲಿ ಮರಳಿ ಮುಂಬಯಿಗೆ ಬರುತ್ತಿತ್ತು. ಪಕ್ಕದ ಬೀದಿಯ ಮಾತು ಪರದೇಶ ಸುತ್ತಿ, ಗರಗರ ಸದ್ದಿನೊಂದಿಗೆ ನಮ್ಮ ಕಿವಿಗೆ ಬೀಳುತ್ತಿತ್ತು. ಊರು ಬಿಟ್ಟವರಿಗೆ ಈ ಸುತ್ತುದಾರಿ ಚೆನ್ನಾಗಿಯೇ ಗೊತ್ತು.

ಈಗಿನ ಮರುಕೇಳುವಿಕೆಯಲ್ಲಿ ಆ ಗರಗರ ಇಲ್ಲ. ಅದು ಹೋದದ್ದಕ್ಕೆ ನನಗೇನೂ ದುಃಖವಿಲ್ಲ. ಆದರೆ ಅದರ ಜೊತೆ ವಾರವೂ ಹೋಗಿದೆ. ಸಿ.ಡಿ.ಗಳಲ್ಲೂ ಕಾರವಾನಿನಲ್ಲೂ ನಮಗೆ ಸಿಗುವುದು ಮುಖ್ಯವಾಗಿ ವರ್ಷದ ಕೊನೆಯ ಪಟ್ಟಿ, ಅದರ ಸುತ್ತ ಸಯಾನಿಯವರು ಆಮೇಲೆ ಪೋಣಿಸಿದ ನೆನಪಿನ ಮಾತು. ಕಳೆದ ವಾರ ಐದರಲ್ಲಿದ್ದದ್ದು ಈ ವಾರ ಮೂರಕ್ಕೆ ಬಂತೇ, ನಮ್ಮ ಮೆಚ್ಚಿನದು ಜಾರಿಬಿಟ್ಟಿತೇ ಅನ್ನುವ ತಳಮಳ ಅದರಲ್ಲಿಲ್ಲ. ಪಟ್ಟಿಯ ಕಾರ್ಯಕ್ರಮದ ಜೀವ ಇರುವುದೇ ಗೊತ್ತಿಲ್ಲದಿರುವುದರಲ್ಲಿ. ಮೊದಲನೆಯದು ಯಾವುದೆಂದು ಗೊತ್ತಿದ್ದೂ ಕೇಳಿದರೆ ಅದು ಪಂದ್ಯವಾಗಿ ಉಳಿಯುವುದಿಲ್ಲ, ಮಂಗಳಾರತಿ ಆಗುತ್ತದೆ. ನಾವು ಡೊಂಬಿವಲಿಯಲ್ಲಿ ಮಾಡುತ್ತಿರುವುದು ಹೆಚ್ಚುಕಡಿಮೆ ಅದನ್ನೇ.

ಮಂಗಳಾರತಿಯಲ್ಲಿ ತಪ್ಪೇನೂ ಇಲ್ಲ. ತಪ್ಪು ಬರುವುದು 'ಆಗಿನ ಹಾಡೆಲ್ಲ ಬಂಗಾರ' ಅಂತ ನಾವು ಅಲ್ಲಿ ಕೂತು ತೀರ್ಪು ಕೊಡುವಾಗ. ಪಟ್ಟಿಯನ್ನೇ ಸರಿಯಾಗಿ ನೋಡಿದರೆ ಅದು ನಮ್ಮ ಮಾತಿಗೆ ಸಾಕ್ಷಿ ಹೇಳುವುದಿಲ್ಲ. 1957ನ್ನೇ ತೆಗೆದುಕೊಳ್ಳಿ. 'ಪ್ಯಾಸಾ', 'ನಯಾ ದೌರ್', 'ಮದರ್ ಇಂಡಿಯಾ' ಬಂದ ವರ್ಷ. ಇವತ್ತು ಯಾರನ್ನು ಕೇಳಿದರೂ ಇವುಗಳ ಹಾಡನ್ನೇ ಹೇಳುತ್ತಾರೆ. ಆ ವರ್ಷದ ಸರ್ತಾಜ್ ಗೀತೆ ಮಾತ್ರ 'ಜನಮ್ ಜನಮ್ ಕೇ ಫೇರೇ' ಅನ್ನುವ ಚಿತ್ರದ್ದು, ಎಸ್.ಎನ್. ತ್ರಿಪಾಠಿಯವರ ಸಂಗೀತ. ಹಾಡು ಚೆನ್ನಾಗಿಯೇ ಇದೆ, ಆದರೆ ಆ ಚಿತ್ರವನ್ನು ನೆನೆಯುವವರು ಎಷ್ಟು ಮಂದಿ? ಪಟ್ಟಿ ಹೇಳುವುದು ಆ ಹೊತ್ತಿನ ಜನ ಏನು ಕೊಂಡರು, ಏನು ಕೇಳಿದರು ಅನ್ನುವುದನ್ನು. ಯಾವುದು ಉಳಿಯುತ್ತದೆ ಅನ್ನುವುದು ಅದಕ್ಕೂ ಗೊತ್ತಿರಲಿಲ್ಲ. ಜರಡಿ ಹಿಡಿದು ಸೋಸಿದವರು ನಾವು. ಸೋಸಿದ್ದನ್ನೇ 'ಆ ಕಾಲ' ಅಂತ ಮೊಮ್ಮಕ್ಕಳ ಮುಂದೆ ಇಡುತ್ತೇವೆ.

ಹಾಗೆ ನೋಡಿದರೆ ಸೋಸದ ಪಟ್ಟಿಯೇ ಹೆಚ್ಚು ಮಾತಾಡುತ್ತದೆ. 1956ರ ಮೊದಲ ಸ್ಥಾನ 'ಸಿ.ಐ.ಡಿ.' ಚಿತ್ರದ, ಮುಂಬಯಿಯಲ್ಲಿ ಬದುಕುವ ಕಷ್ಟ ಹೇಳುವ ಹಾಡಿಗೆ. 1975ರದ್ದು 'ರೋಟಿ ಕಪಡಾ ಔರ್ ಮಕಾನ್' ಚಿತ್ರದ, ಬೆಲೆಯೇರಿಕೆಯ ಹಾಡಿಗೆ. ಅದೇ ವರ್ಷದ ಜೂನ್‌ನಲ್ಲಿ ತುರ್ತುಪರಿಸ್ಥಿತಿ. ಆಗ ನಾನು ಮಾಟುಂಗಾದಲ್ಲಿ ಸೋದರಮಾವನ ಹೋಟೆಲಿನಲ್ಲಿದ್ದೆ. ಹಗಲು ಕೆಲಸ, ರಾತ್ರಿ ಶಾಲೆ. ಮಾವ ಚಹಾದ ದರದ ಹಲಗೆ ಅಳಿಸಿ ಹೊಸ ದರ ಬರೆಸಿದ ದಿನ ಒಳಗೆ ಪಾತ್ರೆ ತೊಳೆಯುವ ಹುಡುಗರು ಆ ಹಾಡನ್ನೇ ಜೋರಾಗಿ ಹೇಳಿದರು. ಮಾವ ಗಲ್ಲಾದಿಂದ ಎದ್ದು ಬಂದು, "ನನಗೆ ಕೇಳಲಿ ಅಂತಲೇ ಹೇಳ್ತಿದ್ದೀರಲ್ಲ, ಗೊತ್ತುಂಟು" ಅಂದು, ಬೈಯದೆ ವಾಪಸು ಹೋಗಿ ಕೂತರು. ಈಗ ಅದೇ ಹಾಡು ಕಾರವಾನಿನಲ್ಲಿ ಬಂದಾಗ ನಾವು ಚಪ್ಪಾಳೆ ತಟ್ಟಿ ತಾಳ ಹಾಕುತ್ತೇವೆ. ಅದರೊಳಗಿನ ಸಿಟ್ಟು ಎಲ್ಲಿ ಹೋಯಿತು? ಮರುಪ್ರಸಾರದ ದೊಡ್ಡ ದೋಷ ನನಗೆ ಇಲ್ಲಿ ಕಾಣುತ್ತದೆ: ಎಲ್ಲ ಹಾಡುಗಳನ್ನೂ ಅದು ಒಂದೇ ಸಕ್ಕರೆ ಪಾಕದಲ್ಲಿ ಅದ್ದುತ್ತದೆ.

ಸಯಾನಿಯವರ ಮಾತಿಗೆ ಮಾತ್ರ ಈ ದೋಷ ತಟ್ಟುವುದಿಲ್ಲ. ಅವರ ತಾಯಿ ಕುಲ್ಸುಮ್ ಸಯಾನಿ 'ರಹಬರ್' ಅನ್ನುವ ಪತ್ರಿಕೆಯನ್ನು ನಾಗರಿ, ಉರ್ದು, ಗುಜರಾತಿ ಮೂರು ಲಿಪಿಗಳಲ್ಲಿ ನಡೆಸಿದವರು, ಹೊಸದಾಗಿ ಓದು ಕಲಿತವರಿಗೆಂದು. ಮಗನ ಭಾಷೆಯ ಬೇರು ಅಲ್ಲಿದೆ. ಪಂಡಿತರ ಹಿಂದಿಯಲ್ಲ, ಮೌಲ್ವಿಗಳ ಉರ್ದುವೂ ಅಲ್ಲ, ಕೇಳಿದವರಿಗೆ ತಿಳಿಯುವ ಹಿಂದೂಸ್ತಾನಿ. ರಾತ್ರಿ ಶಾಲೆಯಲ್ಲಿ ಕನ್ನಡದಲ್ಲಿ ಓದುತ್ತಿದ್ದ ನಮ್ಮಂಥ ಹೋಟೆಲ್ ಹುಡುಗರಿಗೆ ಅವರೇ ಹಿಂದಿ ಮೇಷ್ಟ್ರು. ಗಿರಾಕಿಗೆ 'ತಶರೀಫ್ ರಖಿಯೇ' ಅಂತ ಹೇಳಿ ನಗೆಪಾಟಲಾದವನು ನಾನು. ಆದರೂ ಆ ದನಿ ನಮ್ಮನ್ನು ಹೊರಗಿನವರು ಅಂತ ಒಮ್ಮೆಯೂ ಮಾತಾಡಿಸಲಿಲ್ಲ. 2024ರ ಫೆಬ್ರವರಿಯಲ್ಲಿ ಅವರು ತೀರಿಕೊಂಡ ಸುದ್ದಿ ಬಂದ ದಿನ ನಮ್ಮ ಕಟ್ಟಡದಲ್ಲಿ ಮರಾಠಿಯವರು, ಸಿಂಧಿಯವರು, ನಾವು, ಎಲ್ಲರೂ ಮನೆಯವರೊಬ್ಬರು ಹೋದಂತೆ ಪರಸ್ಪರ ಫೋನು ಮಾಡಿಕೊಂಡೆವು.

ಹಾಗಿದ್ದರೂ ಒಂದು ಮುಳ್ಳು ಉಳಿದಿದೆ. 1967ರ ಸರ್ತಾಜ್ 'ಮಿಲನ್' ಚಿತ್ರದ್ದು, ಮುಕೇಶ್ ಜೊತೆ ಹಾಡಿದವರು ಲತಾ ಮಂಗೇಶ್ಕರ್. ಅದೇ ವರ್ಷ ಲತಾ ಕನ್ನಡದಲ್ಲೂ ಹಾಡಿದರು, 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಚಿತ್ರಕ್ಕೆ. ಒಂದೇ ಗಂಟಲು, ಒಂದೇ ವರ್ಷ. ಒಂದು ಹಾಡಿಗೆ ಮೆಟ್ಟಿಲಿತ್ತು, ಇನ್ನೊಂದಕ್ಕೆ ಇರಲಿಲ್ಲ. ಗೀತಮಾಲಾ ಹಿಂದಿ ಹಾಡಿನ ಕಾರ್ಯಕ್ರಮ, ಅದರ ಮೇಲೆ ದೂರು ಹೇಳುವುದು ನ್ಯಾಯವಲ್ಲ. ದೂರು ನನ್ನ ಮೇಲೆಯೇ. ರಾತ್ರಿ ಹೊತ್ತು ಹೋಟೆಲಿನ ರೇಡಿಯೋದಲ್ಲಿ ಒಮ್ಮೊಮ್ಮೆ ಧಾರವಾಡ ಕ್ಷೀಣವಾಗಿ ಸಿಗುತ್ತಿತ್ತು. ಅದರಲ್ಲಿ ಕೇಳಿದ ಒಂದು ಕಾರ್ಯಕ್ರಮದ ಹೆಸರೂ ನನಗೆ ನೆನಪಿಲ್ಲ. ಬಿನಾಕಾದ ಇಪ್ಪತ್ತು ವರ್ಷದ ಮೊದಲ ಸ್ಥಾನಗಳನ್ನು ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಯಾವುದನ್ನು ಮತ್ತೆ ಮತ್ತೆ ಹಾಕುತ್ತಾರೋ ಅದೇ ನೆನಪಾಗುತ್ತದೆ. ಹಾಕದಿದ್ದದ್ದು ನಡೆಯಲೇ ಇಲ್ಲವೇನೋ ಅನ್ನುವ ಹಾಗೆ ಅಳಿದುಹೋಗುತ್ತದೆ.

ಹೋದ ತಿಂಗಳು ಇದನ್ನು ಕುಂದಾಪುರದ ಸ್ನೇಹಿತರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಒಂದು ಬುಧವಾರ ನಮ್ಮದನ್ನೂ ಹಾಕುವ. ಪಟ್ಟಿ ನೀವೇ ಮಾಡಿ" ಅಂದರು. ಮಾಡಲು ಕೂತಿದ್ದೇನೆ. ಲತಾ ಹಾಡಿದ ಆ ಕನ್ನಡದ ಹಾಡು ಅದರಲ್ಲಿದೆ. ಎಷ್ಟನೇ ಸ್ಥಾನ ಅಂತ ಯಾರಿಗೂ ಹೇಳಿಲ್ಲ.